ಟ್ರಾನ್ಸ್‌ಫರ್ ಕೇಸ್ ಆಯಿಲ್: ಹಳೇದನ್ನು ನೋಡದೆ ಚೆಲ್ಲಬೇಡಿ

ಎಂಜಿನ್ ಆಯಿಲ್ ಪ್ರೆಶರ್ ಬಿದ್ದರೆ ಕೆಂಪು ದೀಪ ಹತ್ತುತ್ತದೆ. ಎಂಜಿನ್ ಕಾದರೆ ಮುಳ್ಳು ಮೇಲೇರುತ್ತದೆ. ಬ್ರೇಕ್ ಆಯಿಲ್ ಇಳಿದರೆ ಅದಕ್ಕೂ ಒಂದು ದೀಪ ಇದೆ. ಫೋರ್ ವೀಲ್ ಡ್ರೈವ್ ಗಾಡಿಯ ಹೊಟ್ಟೆಯಡಿ, ಗೇರ್ ಬಾಕ್ಸಿನ ಬೆನ್ನಿಗೆ ಅಂಟಿಕೊಂಡು ಕೂತಿರುವ ಟ್ರಾನ್ಸ್‌ಫರ್ ಕೇಸಿಗೆ ಮಾತ್ರ ಹೆಚ್ಚಿನ ಗಾಡಿಗಳಲ್ಲಿ ಇದ್ಯಾವುದೂ ಇಲ್ಲ. ದೀಪವಿಲ್ಲ, ಮುಳ್ಳಿಲ್ಲ, ಎಳೆದು ನೋಡೋಣ ಅಂದರೆ ಡಿಪ್‌ಸ್ಟಿಕ್ ಕೂಡ ಇಲ್ಲ. ಒಳಗಿರುವುದು ಹೆಚ್ಚೂಕಡಿಮೆ ಒಂದರಿಂದ ಎರಡು ಲೀಟರ್ ಆಯಿಲ್. ಅಷ್ಟರಲ್ಲೇ ಅದು ವರ್ಷಗಟ್ಟಲೆ ಸಂಸಾರ ನಡೆಸಬೇಕು.

ಹಾಗಾಗಿ ಒಳಗೆ ಏನಾಗ್ತಿದೆ ಅನ್ನೋದು ನಮಗೆ ಗೊತ್ತಾಗುವುದು ಆ ಹಳೇ ಆಯಿಲ್ ಹೊರಗೆ ಬಂದ ದಿನವೇ. ಸದ್ದು ಬಂದ ಮೇಲೂ ಗೊತ್ತಾಗುತ್ತದೆ, ನಿಜ. ಆದರೆ ಸದ್ದು ಬರುವ ಹೊತ್ತಿಗೆ ಖರ್ಚು ಬೇರೆ ಲೆಕ್ಕಕ್ಕೆ ಹೋಗಿರುತ್ತದೆ. ಆಯಿಲ್ ಬದಲಿಸುವುದು ಹೇಗೆ ಅಂತ ಹೇಳುವವರು ಬಹಳ ಜನ ಇದ್ದಾರೆ. ಇಳಿಸಿದ ಆಯಿಲನ್ನು ಓದುವುದು ಹೇಗೆ ಅನ್ನೋದೇ ನನ್ನ ಮಟ್ಟಿಗೆ ಈ ಕೆಲಸದ ಅರ್ಧ ಭಾಗ. ಅಲ್ಲಿಗೆ ಬರುವ ಮೊದಲು ಆ ಪೆಟ್ಟಿಗೆ ಮಾಡುವ ಕೆಲಸ ಏನು ಅಂತ ನೋಡೋಣ.

ಪೆಟ್ಟಿಗೆಯೊಳಗೆ

ಗೇರ್ ಬಾಕ್ಸಿನಿಂದ ಹೊರಗೆ ಬರುವ ಶಕ್ತಿ ಒಂದೇ. ಅದನ್ನು ಮುಂದಿನ ಆಕ್ಸಲ್‌ಗೆ ಒಂದು ಪಾಲು, ಹಿಂದಿನದಕ್ಕೆ ಒಂದು ಪಾಲು ಕಳಿಸುವುದು ಟ್ರಾನ್ಸ್‌ಫರ್ ಕೇಸ್. ಹಿಂದಕ್ಕೆ ಹೋಗುವ ಶಾಫ್ಟ್ ಸಾಮಾನ್ಯವಾಗಿ ನೇರವಾಗಿ ಹೋಗುತ್ತದೆ. ಮುಂದಕ್ಕೆ ಹೋಗುವುದು ಪಕ್ಕಕ್ಕೆ ಸರಿದುಕೊಂಡು ಹೋಗಬೇಕು, ಯಾಕಂದರೆ ಎದುರಿಗೆ ಗೇರ್ ಬಾಕ್ಸ್ ಇದೆ. ಆ ಪಕ್ಕಕ್ಕೆ ದಾಟಿಸುವ ಕೆಲಸವನ್ನು ಕೆಲವು ಗಾಡಿಗಳಲ್ಲಿ ಗೇರುಗಳು ಮಾಡುತ್ತವೆ, ಈಗಿನ ಹೆಚ್ಚಿನವುಗಳಲ್ಲಿ ಅಗಲವಾದ ಒಂದು ಚೈನ್ ಮಾಡುತ್ತದೆ. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಜೀಪಿನಲ್ಲಿ ಇದ್ದದ್ದು ಬರೀ ಗೇರುಗಳು. 1973ರಲ್ಲಿ ಜೀಪ್ ಕಂಪನಿ ಕ್ವಾಡ್ರಾ-ಟ್ರ್ಯಾಕ್ ಅಂತ ಒಂದು ವ್ಯವಸ್ಥೆ ತಂದಿತು. ಅದರೊಳಗೆ ಚೈನ್ ಇತ್ತು, ಅದಕ್ಕೆ ಬೇಕಾದ ಆಯಿಲ್ ಕೂಡ ಬೇರೆಯೇ ಇತ್ತು. ಯಾವ ಪೆಟ್ಟಿಗೆಗೆ ಯಾವ ಆಯಿಲ್ ಅನ್ನುವ ಗೊಂದಲ ಇವತ್ತಿನದಲ್ಲ ಅನ್ನೋದಕ್ಕೆ ಹೇಳಿದೆ.

ಇನ್ನೊಂದು ಕೆಲಸ ಲೋ ರೇಂಜ್. 4ಎಲ್ (ನಾಲ್ಕೂ ಚಕ್ರಕ್ಕೆ ಶಕ್ತಿ, ನಿಧಾನ ಗತಿ) ಹಾಕಿದಾಗ ಇನ್ನೊಂದು ಜೊತೆ ಗೇರುಗಳು ನಡುವೆ ಬಂದು ವೇಗ ಇಳಿಸಿ ಎಳೆತ ಹೆಚ್ಚಿಸುತ್ತವೆ. ಹಳೇ ಜೀಪ್‌ಗಳಲ್ಲಿ ಬಹಳ ಬಳಕೆಯಲ್ಲಿದ್ದ ಎನ್‌ಪಿ231 ಅನ್ನುವ ಟ್ರಾನ್ಸ್‌ಫರ್ ಕೇಸಿನಲ್ಲಿ ಈ ಅನುಪಾತ 2.72. ಅಂದರೆ ಗೇರ್ ಬಾಕ್ಸಿನಿಂದ ಬಂದ ತಿರುಚುಬಲ ಅಲ್ಲೇ 2.72 ಪಟ್ಟು ಆಗುತ್ತದೆ. ರ‍್ಯಾಂಗ್ಲರ್ ರುಬಿಕಾನ್ ಅನ್ನುವ ಜೀಪ್‌ನಲ್ಲಿ ಪೂರಾ 4 ಪಟ್ಟು. ಬಂಡೆ ಹತ್ತುವಾಗ ಎಂಜಿನ್ ಸುಮ್ನೆ ಗೊಣಗುತ್ತಾ ಇದ್ದರೂ ಗಾಡಿ ಇಷ್ಟಿಷ್ಟೇ ಮೇಲೇರುತ್ತದಲ್ಲ, ಆ ಒತ್ತಡವೆಲ್ಲ ಬೀಳುವುದು ಈ ಗೇರುಗಳ ಹಲ್ಲಿನ ಮೇಲೆ, ಆ ಹಲ್ಲುಗಳ ನಡುವೆ ಇರುವ ಕೂದಲಿಗಿಂತ ತೆಳುವಾದ ಆಯಿಲ್ ಪದರದ ಮೇಲೆ.

ಒತ್ತಡ ಹೆಚ್ಚಿಸುವ ಇನ್ನೊಂದು ವಿಷಯವನ್ನು ಜನ ಗಮನಿಸುವುದಿಲ್ಲ. ತಿರುವಿನಲ್ಲಿ ಗಾಡಿಯ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಬೇಕಾದಾಗ ಮಾತ್ರ ಹಾಕಿಕೊಳ್ಳುವ ಪಾರ್ಟ್ ಟೈಮ್ ಫೋರ್ ವೀಲ್ ಡ್ರೈವ್‌ನಲ್ಲಿ ಮುಂದಿನ, ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಂಡಿರುತ್ತವೆ, ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಿ, ಮರಳಿನಲ್ಲಿ ಟೈರ್ ಅಷ್ಟಿಷ್ಟು ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರು ರಸ್ತೆಯಲ್ಲಿ ಟೈರ್ ಜಾರುವುದಿಲ್ಲ. ಆಗ ತಿರುಚು ಪೂರಾ ಶಾಫ್ಟ್, ಚೈನ್, ಗೇರುಗಳಲ್ಲಿ ತುಂಬಿಕೊಳ್ಳುತ್ತದೆ. 4ಎಚ್‌ನಿಂದ (ನಾಲ್ಕೂ ಚಕ್ರ, ಮಾಮೂಲಿ ವೇಗ) 2ಎಚ್‌ಗೆ (ಹಿಂದಿನ ಎರಡೇ ಚಕ್ರ) ಲಿವರ್ ಎಳೆದರೆ ಬರೋದಿಲ್ಲ, ಕಲ್ಲಿನಂತೆ ಕೂತಿರುತ್ತದೆ. ಸ್ವಲ್ಪ ದೂರ ರಿವರ್ಸ್ ಹೋದರೆ "ಟಕ್" ಅಂತ ಬಿಡುತ್ತದೆ. ಆ ಟಕ್ ಕೇಳಿದವರಿಗೆ ಒಳಗಿನ ಆಯಿಲ್ ಪಟ್ಟ ಪಾಡು ಅರ್ಥವಾಗುತ್ತದೆ.

"ನಾನು ಫೋರ್ ವೀಲ್ ಹಾಕೋದೇ ಇಲ್ಲ, ನನಗ್ಯಾಕೆ ಇದೆಲ್ಲ" ಅನ್ನುವವರಿಗೊಂದು ಮಾತು. ಇಂಥ ಗಾಡಿಗಳಲ್ಲಿ 2ಎಚ್ ಇದ್ದಾಗಲೂ ಹಿಂದಿನ ಚಕ್ರಕ್ಕೆ ಹೋಗುವ ಶಕ್ತಿ ಟ್ರಾನ್ಸ್‌ಫರ್ ಕೇಸಿನ ಮೂಲಕವೇ ಹೋಗಬೇಕು. ಶಾಫ್ಟ್ ತಿರುಗುತ್ತದೆ, ಬೇರಿಂಗ್ ತಿರುಗುತ್ತದೆ. ಗಾಡಿ ಓಡಿದ ಪ್ರತಿ ಕಿಲೋಮೀಟರೂ ಅದರ ಲೆಕ್ಕಕ್ಕೇ.

ಎಂಜಿನ್ ಆಯಿಲಿಗೆ ಹೋಲಿಸಿದರೆ ಇದಕ್ಕೆ ಒಂದು ಅನುಕೂಲ ಇದೆ, ಒಂದು ಅನನುಕೂಲ ಇದೆ. ಇಲ್ಲಿ ಪೆಟ್ರೋಲ್ ಉರಿಯುವುದಿಲ್ಲ, ಮಸಿ ಸೇರುವುದಿಲ್ಲ. ಹಾಗಾಗಿ ಹೆಚ್ಚು ಕಾಲ ಬಾಳುತ್ತದೆ. ಆದರೆ ಎಂಜಿನ್‌ಗೆ ಇರುವಂಥ ಆಯಿಲ್ ಫಿಲ್ಟರ್ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪಂಪ್ ಇರುವ ಕೇಸುಗಳಲ್ಲಿ ಒಂದು ಜಾಲರಿ ಇರುತ್ತದೆ, ಆಯಿಲ್ ಇಳಿಸಲು ತಳದಲ್ಲಿರುವ ಡ್ರೇನ್ ಪ್ಲಗ್ಗಿನಲ್ಲಿ ಒಂದು ಆಯಸ್ಕಾಂತ ಇದ್ದರೆ ಇತ್ತು. ಸವೆದ ಲೋಹದ ಪುಡಿ ಹೋಗೋದಾದರೂ ಎಲ್ಲಿಗೆ? ಆಯಿಲ್ ಜೊತೆಗೇ ಸುತ್ತುತ್ತಾ ಇರುತ್ತದೆ.

ಯಾವ ಆಯಿಲ್?

ಇಲ್ಲೇ ಹೆಚ್ಚು ಜನ ಎಡವುವುದು. ಟ್ರಾನ್ಸ್‌ಫರ್ ಕೇಸ್ ಆಯಿಲ್ ಅಂತ ಒಂದೇ ಆಯಿಲ್ ಇಲ್ಲ. ಕೆಲವಕ್ಕೆ 75ಡಬ್ಲ್ಯು-90 ಥರದ ಗೇರ್ ಆಯಿಲ್. ಕೆಲವಕ್ಕೆ ಆಟೋಮ್ಯಾಟಿಕ್ ಗೇರ್ ಬಾಕ್ಸಿಗೆ ಹಾಕುವ ತೆಳ್ಳನೆಯ ಎಟಿಎಫ್. ಇನ್ನು ಕೆಲವಕ್ಕೆ ಆ ಕಂಪನಿಯೇ ಹೆಸರಿಟ್ಟ ವಿಶೇಷ ಆಯಿಲ್.

ಎನ್‌ಪಿ231 ಥರದ್ದರಲ್ಲಿ ಚೈನ್ ಜೊತೆ ಒಂದು ಸಣ್ಣ ಪಂಪ್ ಇರುತ್ತದೆ. ಅದು ಆಯಿಲನ್ನು ಹೀರಿ ಶಾಫ್ಟ್‌ನ ಒಳಗಿನ ಸಣ್ಣ ದಾರಿಗಳಿಗೆ ತಳ್ಳಬೇಕು. ಅಂಥದಕ್ಕೆ ಎಟಿಎಫ್ ಹೇಳಿರುತ್ತಾರೆ. ಅಲ್ಲಿ ದಪ್ಪ ಗೇರ್ ಆಯಿಲ್ ಹಾಕಿದರೆ ಚಳಿಯಲ್ಲಿ ಪಂಪ್ ಹೀರಲು ಒದ್ದಾಡುತ್ತದೆ. ಲ್ಯಾಂಡ್ ರೋವರ್‌ನ ಹಳೇ ಎಲ್‌ಟಿ230ಯಂಥ ಗೇರ್ ಮಾತ್ರ ಇರುವ ಕೇಸಿನಲ್ಲಿ ಗೇರುಗಳೇ ಆಯಿಲನ್ನು ಚಿಮ್ಮಿಸಿಕೊಳ್ಳುತ್ತವೆ, ಹಲ್ಲಿಗೆ ಹಲ್ಲು ಒತ್ತುವ ಬಲ ತಡೆಯೋಕೆ ಗೇರ್ ಆಯಿಲ್ ಬೇಕು. ಇದನ್ನೇ ನಿಯಮ ಅಂತ ಹಿಡಿದುಕೊಳ್ಳಬೇಡಿ. ಚೈನ್ ಇದ್ದೂ ಗೇರ್ ಆಯಿಲ್ ಕೇಳುವ ಗಾಡಿಗಳಿವೆ, ಸುಜುಕಿ ಜಿಮ್ನಿ ಹಾಗೇ. ಕೊನೆಗೆ ಮಾತು ಮಾಲೀಕರ ಮ್ಯಾನ್ಯುಯಲ್‌ನದ್ದೇ.

ಇನ್ನೊಂದು ಜಾತಿ ಇದೆ. ಮುಂದಿನ ಚಕ್ರಕ್ಕೆ ಎಷ್ಟು ಶಕ್ತಿ ಬೇಕೋ ಅಷ್ಟನ್ನು ಕಂಪ್ಯೂಟರ್ ಹೇಳಿದಂತೆ ತಾನೇ ಕಳಿಸುವಂಥದು. ಇದರೊಳಗೆ ಆಯಿಲಿನಲ್ಲಿ ಮುಳುಗಿರುವ ಕ್ಲಚ್ ಪ್ಲೇಟುಗಳಿರುತ್ತವೆ. ಇಲ್ಲಿ ಆಯಿಲಿಗೆ ವಿಚಿತ್ರವಾದ ಎರಡು ಕೆಲಸ. ಬೇರಿಂಗ್‌ಗೆ ಜಾರಿಕೆ ಕೊಡಬೇಕು, ಪ್ಲೇಟುಗಳು ಹಿಡಿಯುವುದನ್ನೂ ಕೆಡಿಸಬಾರದು. ಅದಕ್ಕೆಂದೇ ಅಳತೆ ಮಾಡಿ ರಾಸಾಯನಿಕ ಸೇರಿಸಿರುತ್ತಾರೆ. ಜನರಲ್ ಮೋಟರ್ಸ್‌ನ ಆಟೋ-ಟ್ರ್ಯಾಕ್ ಆಯಿಲ್ ಈ ಥರದ್ದು, ನೀಲಿ ಬಣ್ಣ. ಬೇರೆ ಆಯಿಲ್ ಹಾಕಿದರೆ ಏನಾಗುತ್ತದೆ? ಪಾರ್ಕಿಂಗ್‌ನಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹಾಕುವಾಗ ಗಾಡಿ ಗಡಗಡ ನಡುಗುತ್ತದೆ. ಆಯಿಲ್ ಹಳೇದಾಗಿ ಶಕ್ತಿ ಕಳೆದುಕೊಂಡಾಗಲೂ ಇದೇ ನಡುಕ. ಎಷ್ಟೋ ಸಲ ಸರಿಯಾದ ಹೊಸ ಆಯಿಲ್ ಹಾಕಿದರೆ ನಿಂತುಹೋಗುತ್ತದೆ. ದೊಡ್ಡ ರಿಪೇರಿಗೆ ಒಪ್ಪಿಕೊಳ್ಳುವ ಮುಂಚೆ ಇದನ್ನೊಂದು ಕೇಳಿ ನೋಡಿ.

ಬಣ್ಣ ನೋಡಿ ಆಯಿಲ್ ಕೊಳ್ಳಬೇಡಿ. ಕೆಂಪು, ನೀಲಿ ಎಲ್ಲ ಬರೀ ಡೈ. ಸೋರಿದಾಗ ಎಲ್ಲಿಂದ ಅಂತ ಗುರುತು ಹಿಡಿಯೋಕೆ ಅದು ಉಪಯೋಗಕ್ಕೆ ಬರುತ್ತದೆ. ಕೆಂಪಗಿದ್ದದ್ದೆಲ್ಲ ಒಂದೇ ಎಟಿಎಫ್ ಅಲ್ಲ.

ಅಂಕಿಗಳ ಗೊಂದಲವೂ ಇದೆ. "90 ಅಂದರೆ ಎಂಜಿನ್ ಆಯಿಲ್ 40ಕ್ಕಿಂತ ಎರಡು ಪಟ್ಟು ದಪ್ಪ ಅಲ್ವಾ?" ಅಂತ ಕೇಳುತ್ತಾರೆ. ಅಲ್ಲ. ಗೇರ್ ಆಯಿಲಿನ ಅಳತೆಕೋಲೇ ಬೇರೆ. ಕಾದಾಗ 90 ಗೇರ್ ಆಯಿಲ್ ಇರುವಷ್ಟು ದಪ್ಪ 40 ಅಥವಾ 50 ಎಂಜಿನ್ ಆಯಿಲ್ ಕೂಡ ಇರುತ್ತದೆ. ಇನ್ನು ಡಬ್ಬದ ಮೇಲಿನ ಜಿಎಲ್-4, ಜಿಎಲ್-5 ಅನ್ನುವ ಗೇರ್ ಆಯಿಲ್ ದರ್ಜೆಗಳು. 5 ದೊಡ್ಡ ಸಂಖ್ಯೆ, ಹಾಗಾಗಿ ಒಳ್ಳೇದು ಅಂದುಕೊಳ್ಳಬೇಡಿ. ಜಿಎಲ್-5ರಲ್ಲಿ ಹೆಚ್ಚು ಒತ್ತಡ ತಡೆಯುವ ಗಂಧಕ, ರಂಜಕದ ಅಂಶ ಜಾಸ್ತಿ. ಅದರಲ್ಲಿ ಕೆಲವು ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನುತ್ತವೆ. ಜಿಎಲ್-4 ಅಂತ ಬರೆದಿದ್ದರೆ ಜಿಎಲ್-4 ತನ್ನಿ.

ಗಾಡಿಯ ಕೆಳಗೆ

ಹದಿನೈದು ಇಪ್ಪತ್ತು ನಿಮಿಷ ಓಡಿಸಿ ಬನ್ನಿ. ಬೆಚ್ಚಗಿನ ಆಯಿಲ್ ಬೇಗ ಇಳಿಯುತ್ತದೆ, ತಳದಲ್ಲಿ ಕೂತ ಪುಡಿಯನ್ನೂ ಎಳೆದುಕೊಂಡು ಬರುತ್ತದೆ. ಆಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಇಲ್ಲಿ ಡಿಪ್‌ಸ್ಟಿಕ್ ಇಲ್ಲದ ಕಾರಣ ಆಯಿಲ್ ತುಂಬುವ ತೂತಿನ ಎತ್ತರವೇ ಅಳತೆ. ಗಾಡಿ ಓರೆಯಾದರೆ ಅಳತೆಯೂ ಓರೆ.

ಈ ಗಾಡಿಗಳು ನೆಲದಿಂದ ಎತ್ತರ ಇರುವುದರಿಂದ ಎಷ್ಟೋ ಸಲ ಎತ್ತದೆಯೇ ಕೆಳಗೆ ನುಗ್ಗಬಹುದು. ಎತ್ತಲೇಬೇಕಾದರೆ ನಾಲ್ಕೂ ಕಡೆ ಒಂದೇ ಸಮಕ್ಕೆ ಎತ್ತಿ ಸ್ಟ್ಯಾಂಡ್ ಕೊಡಿ. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಚಕ್ರಕ್ಕೆ ಅಡ್ಡ ಕೊಡುವುದನ್ನಂತೂ ಮರೆಯಲೇಬೇಡಿ, ಯಾಕಂದರೆ ಈ ಗಾಡಿಗಳಲ್ಲಿ ಬೇರೆ ಕಡೆ ಇಲ್ಲದ ಎರಡು ಮೋಸಗಳಿವೆ. ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲಿದ್ದರೆ ಗೇರ್ ಬಾಕ್ಸ್ ಪಾರ್ಕ್‌ನಲ್ಲಿದ್ದರೂ, ಫಸ್ಟ್ ಗೇರಿನಲ್ಲಿದ್ದರೂ ಗಾಡಿ ಉರುಳುತ್ತದೆ, ನಡುವಿನ ಸಂಬಂಧವೇ ಕಡಿದಿರುತ್ತದೆ. ಎರಡನೆಯದು, ಹಳೇ ಲ್ಯಾಂಡ್ ರೋವರ್ ಡಿಫೆಂಡರ್‌ನಂಥವುಗಳ ಹ್ಯಾಂಡ್ ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟನ್ನು ಹಿಡಿಯುತ್ತದೆ. ಒಂದು ಚಕ್ರ ನೆಲ ಬಿಟ್ಟರೆ ಸಾಕು, ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಆ ಚಕ್ರವನ್ನು ತಿರುಗಲು ಬಿಡುತ್ತದೆ, ಬ್ರೇಕ್ ಹಾಕಿದ ಗಾಡಿ ಚಲಿಸುತ್ತದೆ.

ಮೊದಲು ಬಿಚ್ಚಬೇಕಾದದ್ದು ಮೇಲಿನ ಫಿಲ್ಲರ್ ಪ್ಲಗ್, ಅಂದರೆ ಆಯಿಲ್ ತುಂಬುವ ತೂತಿನ ಮುಚ್ಚಳ. ಕೆಳಗಿನದನ್ನು ಬಿಚ್ಚಿ ಆಯಿಲೆಲ್ಲ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರೋದಿಲ್ಲ ಅಂತ ಗೊತ್ತಾದರೆ ಗಾಡಿ ಅಲ್ಲೇ ಬಿತ್ತು. ಕೆಲವು ಪ್ಲಗ್ಗಿಗೆ ಹೊರಗೆ ಆರು ಮೂಲೆ, ಕೆಲವಕ್ಕೆ ಅಲೆನ್ ಕೀ ಹಾಕುವ ಗುಳಿ. ಗುಳಿಯಲ್ಲಿ ಒಣಗಿದ ಮಣ್ಣನ್ನು ಮೊಳೆಯಿಂದ ಕೆರೆದು ತೆಗೆದು ಕೀಯನ್ನು ತಳ ಮುಟ್ಟುವವರೆಗೆ ತಟ್ಟಿ ಕೂರಿಸಿ. ಅರ್ಧಕ್ಕೆ ಕೂತ ಕೀ ಮೂಲೆಗಳನ್ನು ತಿಂದುಹಾಕುತ್ತದೆ.

ಇನ್ನು, ಬಿಚ್ಚುತ್ತಿರುವುದು ಟ್ರಾನ್ಸ್‌ಫರ್ ಕೇಸಿನ ಪ್ಲಗ್ಗೇ ಹೌದಾ ಅಂತ ಎರಡು ಸಲ ನೋಡಿ. ನಾನು ಮೊದಲ ಸಲ ಮಾಡಿದ ಘನಕಾರ್ಯ ಅದು. ರಟ್ಟು ಹಾಸಿಕೊಂಡು ಅಂಗಾತ ಮಲಗಿದ್ದೆ. ಮೇಲೆ ನೋಡಿದರೆ ಎಲ್ಲ ಒಂದೇ ಥರದ ಬೂದು ಅಲ್ಯೂಮಿನಿಯಂ, ಒಂದೇ ಥರದ ಪ್ಲಗ್‌ಗಳು. ಒಂದನ್ನು ಬಿಚ್ಚಿದೆ. 1.2 ಲೀಟರ್ ಬರಬೇಕಿತ್ತು. ಒಂದು ಲೀಟರಿನ ಗೆರೆ ದಾಟಿತು, ಒಂದೂವರೆ ಆಯಿತು, ಎರಡಾಯಿತು, ಧಾರೆ ಮಾತ್ರ ಸಣ್ಣಗಾಗಲೇ ಇಲ್ಲ. ಆಗ ತಲೆಗೆ ಹೊಳೆಯಿತು: ಇಳಿಯುತ್ತಿರುವುದು ಗೇರ್ ಬಾಕ್ಸಿನ ಆಯಿಲ್. ತಂದಿಟ್ಟುಕೊಂಡಿದ್ದ ಆಯಿಲ್ ಅದಕ್ಕೆ ಆಗುತ್ತಿರಲಿಲ್ಲ. ಗಾಡಿ ಒಂದು ದಿನ ಪೂರ್ತಿ ಅಲ್ಲೇ ನಿಂತಿತು. ಅವತ್ತಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹಿಡಿದುಕೊಂಡು ಬೆರಳು ಮುಂದಕ್ಕೆ ತಂದು, ಅದು ಸೇರುವ ಪೆಟ್ಟಿಗೆಯನ್ನು ಮುಟ್ಟಿಯೇ ಸ್ಪ್ಯಾನರ್ ಹಾಕುವುದು.

ಡ್ರೇನ್ ಪ್ಲಗ್ಗಿನ ಕೊನೆಯ ಎರಡು ಸುತ್ತನ್ನು ಕೈಯಲ್ಲೇ ಬಿಚ್ಚಿ, ಒಳಕ್ಕೆ ಒತ್ತಿ ಹಿಡಿದುಕೊಂಡು, ಆಮೇಲೆ ಗಪ್ಪನೆ ಎಳೆದುಕೊಳ್ಳಿ. ಪ್ಲಗ್ ಪಕ್ಕಕ್ಕೆ ಮುಖ ಮಾಡಿದ್ದರೆ ಆಯಿಲ್ ನೇರ ಕೆಳಗೆ ಬೀಳುವುದಿಲ್ಲ. ಮೊದಲು ಗೇಣುದ್ದ ದೂರಕ್ಕೆ ಚಿಮ್ಮುತ್ತದೆ, ಮಟ್ಟ ಇಳಿದಂತೆ ಧಾರೆ ಹತ್ತಿರಕ್ಕೆ ಬರುತ್ತದೆ, ಕೊನೆಗೆ ಕೇಸಿನ ಮೈ ಹಿಡಿದು ಜಾರುತ್ತದೆ. ಟ್ರೇಯನ್ನು ಅದರ ಜೊತೆಗೇ ಸರಿಸುತ್ತಿರಬೇಕು. ಮೊಣಕೈಯನ್ನು ಕೈಗಿಂತ ಕೆಳಗೆ ಇಟ್ಟಿದ್ದರೆ ಬಿಸಿ ಆಯಿಲ್ ಸೀದಾ ಕಂಕುಳಿಗೆ.

ಟ್ರೇಯಲ್ಲಿರುವ ಸುದ್ದಿ

ಹನಿ ನಿಂತ ಮೇಲೆ ಟ್ರೇಯನ್ನು ಬೆಳಕಿಗೆ ತನ್ನಿ.

ಮೊದಲು ಪ್ಲಗ್ಗಿನ ಆಯಸ್ಕಾಂತ. ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು ಕೂತಿರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ನೋಡಿ. ಗ್ರೀಸಿನ ಹಾಗೆ ನುಣ್ಣಗಿದ್ದು ಬೆರಳ ಗೆರೆಗಳಲ್ಲಿ ಬೆಳ್ಳಿಯ ಹೊಳಪು ಉಳಿದರೆ ಅದು ಸಹಜ ಸವೆತ. ಹೊಸ ಗಾಡಿಯ ಮೊದಲ ಸಲದ ಆಯಿಲಿನಲ್ಲಿ ಇದು ಜಾಸ್ತಿಯೇ ಇರುತ್ತದೆ, ಗೇರುಗಳು ಒಂದಕ್ಕೊಂದು ಹೊಂದಿಕೊಂಡ ಗುರುತು. ತಿಕ್ಕುವಾಗ ಚುಚ್ಚಿತೋ, ಸೂಜಿಯಂಥ ಚೂರು, ಉಗುರಿನಂಥ ಚಕ್ಕೆ ಕಂಡಿತೋ, ಅಲ್ಲಿಗೆ ಬೇರಿಂಗ್ ಅಥವಾ ಗೇರಿನ ಹಲ್ಲು ಕಿತ್ತುಕೊಂಡು ಬರುತ್ತಿದೆ. ಹೊಸ ಆಯಿಲ್ ಹಾಕಿ ಮರೆತುಬಿಡುವ ವಿಷಯ ಅಲ್ಲ ಅದು.

ಆಯಸ್ಕಾಂತ ಹಿಡಿಯುವುದು ಕಬ್ಬಿಣವನ್ನು ಮಾತ್ರ. ಬಂಗಾರದ ಬಣ್ಣದ ಮಿನುಗು ಆಯಿಲಿನಲ್ಲೇ ತೇಲುತ್ತಿದ್ದರೆ ಕಂಚಿನ ಬುಷ್ ಸವೆಯುತ್ತಿದೆ. ಬೆಳ್ಳಗಿನ ಹೊಳೆಯುವ ಚೂರುಗಳು ಆಯಸ್ಕಾಂತಕ್ಕೆ ಅಂಟದಿದ್ದರೆ ಅದು ಕೇಸಿನದೇ ಲೋಹ ಇರಬಹುದು. ಚೈನ್ ಉದ್ದವಾಗಿ ಜೋತುಬಿದ್ದು ಒಳಗೋಡೆಯನ್ನು ಕೆರೆಯುವಾಗ ಹೀಗಾಗುತ್ತದೆ. ಎತ್ತರ ಹತ್ತುವಾಗ ಕೆಳಗಿನಿಂದ "ಕಟಕ್" ಅಂತ ಚೈನ್ ಹಲ್ಲು ಹಾರಿದ ಸದ್ದೂ ಕೇಳಿದ್ದರೆ ಅನುಮಾನವೇ ಬೇಡ.

ಬಣ್ಣ ಹಾಲು ಕಲಸಿದ ಹಾಗೆ ಮಬ್ಬಾಗಿದ್ದರೆ ನೀರು ಸೇರಿದೆ. ಸೀಲ್ ಸರಿಯಿದ್ದೂ ನೀರು ಹೋಗುವ ದಾರಿಯೊಂದಿದೆ. ಗಂಟೆಗಟ್ಟಲೆ ಓಡಿ ಕಾದ ಟ್ರಾನ್ಸ್‌ಫರ್ ಕೇಸ್ ಹೊಳೆಯ ತಣ್ಣೀರಿನಲ್ಲಿ ಮುಳುಗಿತು ಅಂದುಕೊಳ್ಳಿ. ಒಳಗಿನ ಗಾಳಿ ಥಟ್ಟನೆ ತಣ್ಣಗಾಗಿ ಕುಗ್ಗುತ್ತದೆ. ಕುಗ್ಗಿದ ಜಾಗಕ್ಕೆ ಹೊರಗಿನ ಗಾಳಿ ಬರಲಿ ಅಂತ ಬ್ರೀದರ್ ಅನ್ನುವ ಸಣ್ಣ ಕೊಳವೆ ಇರುತ್ತದೆ. ಅದಕ್ಕೆ ಮಣ್ಣು ಕಟ್ಟಿಕೊಂಡಿದ್ದರೆ ಕೇಸ್ ಸೀಲಿನ ಅಂಚಿನಿಂದ ನೀರನ್ನೇ ಹೀರುತ್ತದೆ. ಕೊಳವೆಯ ತುದಿ ನೀರಿನೊಳಗಿದ್ದರಂತೂ ಹೇಳುವುದೇ ಬೇಡ. ಹೀಗಾದರೆ ಹೊಸ ಆಯಿಲ್ ಹಾಕಿ ಸ್ವಲ್ಪ ದೂರ ಓಡಿಸಿ ಅದನ್ನೂ ಇಳಿಸಿ, ಮತ್ತೆ ತುಂಬಬೇಕು. ಆಯಿಲ್ ದಂಡವಾಯಿತು ಅನಿಸಬಹುದು, ಬೇರಿಂಗ್ ತುಕ್ಕು ಹಿಡಿಯುವುದಕ್ಕಿಂತ ವಾಸಿ. ಬ್ರೀದರ್ ಬಿಚ್ಚಿ ಊದಿ ನೋಡದಿದ್ದರೆ ಅಷ್ಟೂ ಮಾಡಿ ಪ್ರಯೋಜನವಿಲ್ಲ.

ಕಪ್ಪಾಗಿ ಸುಟ್ಟ ವಾಸನೆ ಬಂದರೆ ಹೆಚ್ಚು ಕಾದಿದೆ. ಒಣ ರಸ್ತೆಯಲ್ಲಿ 4ಎಚ್ ಹಾಕಿ ಓಡಿಸಿದ್ದು, ಮುಂದೆ ಒಂದು ಸೈಜ್ ಹಿಂದೆ ಒಂದು ಸೈಜ್ ಟೈರ್ ಹಾಕಿಕೊಂಡದ್ದು, ಆಯಿಲೇ ಕಡಿಮೆ ಇದ್ದದ್ದು, ಕಾರಣ ಇವುಗಳಲ್ಲಿ ಒಂದಿರಬಹುದು.

ಕೊನೆಗೆ ಜನ ಮಾಡದೇ ಬಿಡುವ ಕೆಲಸ. ಇಳಿದ ಆಯಿಲನ್ನು ಅಳೆಯಿರಿ. ಕಡಿಮೆ ಬಂದರೆ ಎಲ್ಲೋ ಸೋರಿದೆ, ಶಾಫ್ಟ್ ಸೀಲುಗಳ ಸುತ್ತ ಧೂಳು ಮೆತ್ತಿದ ಜಿಡ್ಡು ಹುಡುಕಿ. ಜಾಸ್ತಿ ಬಂದರೆ? ಹೆಚ್ಚಿದ್ದರೆ ಒಳ್ಳೇದೇ ಅಲ್ವಾ ಅಂತ ಸುಮ್ಮನಾಗುತ್ತಾರೆ. ಗೇರ್ ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವೆ ಒಂದು ಸೀಲ್ ಇರುತ್ತದೆ. ಅದು ಹೋದರೆ ಗೇರ್ ಬಾಕ್ಸಿನ ಆಯಿಲ್ ಸದ್ದಿಲ್ಲದೆ ಇತ್ತ ದಾಟುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳುವುದಿಲ್ಲ. ಇಲ್ಲಿ ಅರ್ಧ ಲೀಟರ್ ಹೆಚ್ಚು ಸಿಕ್ಕಿತು ಅಂದರೆ ಅಲ್ಲಿ ಅರ್ಧ ಲೀಟರ್ ಕೊರತೆ. ಒಂದು ಅಳತೆ ಜಗ್‌ನಿಂದ ಗೇರ್ ಬಾಕ್ಸ್ ಉಳಿಸಿಕೊಳ್ಳಬಹುದು.

ಮತ್ತೆ ತುಂಬುವುದು

ಹಳೇ ವಾಷರ್ ತೆಗೆದು ಹೊಸದು ಹಾಕಿ. ತಾಮ್ರದ್ದೋ ಅಲ್ಯೂಮಿನಿಯಂದೋ ಆ ಉಂಗುರ ಒಮ್ಮೆ ನಜ್ಜುಗುಜ್ಜಾಗಿ ಸೀಲ್ ಆಗೋದಕ್ಕೆಂದೇ ಇರುವುದು. ವಾಷರ್ ಇಲ್ಲದ, ತುದಿ ಸಪೂರವಾಗುತ್ತಾ ಹೋಗುವ ಪ್ಲಗ್ಗಿದ್ದರೆ ಸೀಲಂಟ್ ಬೇಕು. ಬಿಗಿ ಮಾಡುವಾಗ ಶಕ್ತಿ ಪ್ರದರ್ಶನ ಬೇಡ. ಎನ್‌ಪಿ231ರಂಥವುಗಳ ಕೇಸ್ ಅಲ್ಯೂಮಿನಿಯಂನದ್ದು, ಕೆಲವು ಬೇರೆಯವು ಮೆಗ್ನೀಷಿಯಂ. ಕಬ್ಬಿಣದ ಪ್ಲಗ್ ಎದುರು ಕೇಸಿನ ತಿರುಪಿನ ಮರೆಗಳು ಮೆತ್ತಗೆ. ಟಾರ್ಕ್ ವ್ರೆಂಚ್ ಇದ್ದರೆ ಮ್ಯಾನ್ಯುಯಲ್‌ನ ಅಂಕಿಗೆ ಹೊಂದಿಸಿ.

ತುಂಬುವ ತೂತು ಪಕ್ಕದಲ್ಲಿರುವುದರಿಂದ ಡಬ್ಬ ಬಗ್ಗಿಸಿ ಸುರಿಯಲು ಆಗುವುದಿಲ್ಲ. ಡಬ್ಬದ ಬಾಯಿಗೆ ಕೂರುವ ಕೈಪಂಪ್ ಸಿಗುತ್ತದೆ. ಅದಿಲ್ಲದಿದ್ದರೆ ಉದ್ದದ ಪೈಪ್, ಮೇಲಿನಿಂದ ಒಂದು ಆಲಿಕೆ, ಮೇಲೆ ನಿಂತು ಸುರಿಯಲು ಇನ್ನೊಬ್ಬರು. ಆಯಿಲ್ ತೂತಿನ ತುಟಿಗೆ ಬಂದು ಸಣ್ಣ ಧಾರೆಯಾಗಿ ಹೊರಗೆ ಇಳಿಯುವಾಗ ನಿಲ್ಲಿಸಿ. ಧಾರೆ ಹನಿಯಾದ ಮೇಲೆ ಪ್ಲಗ್ ಹಾಕಿ. ಗಾಡಿಯನ್ನು ಓರೆ ಮಾಡಿ ಇನ್ನಷ್ಟು ತುರುಕುವ ಬುದ್ಧಿವಂತಿಕೆ ಬೇಡ. ಹೆಚ್ಚಾದ ಆಯಿಲ್ ಕಡೆದು ನೊರೆಯಾಗುತ್ತದೆ, ಕಾಯುತ್ತದೆ, ಕೊನೆಗೆ ಸೀಲ್ ಅಥವಾ ಬ್ರೀದರ್‌ನಿಂದ ಹೊರಗೆ ಬರುತ್ತದೆ. ಕಂಪ್ಯೂಟರ್ ನಡೆಸುವ ಕೆಲವು ಕೇಸುಗಳಲ್ಲಿ ತುಟಿಯವರೆಗೆ ತುಂಬಲೂಬಾರದು, ಹೇಳಿದಷ್ಟು ಮಿಲಿಲೀಟರ್ ಅಳೆದೇ ಹಾಕಬೇಕು. ಅಂಥ ಕೆಲವಲ್ಲಿ ಸ್ಕ್ಯಾನರ್‌ನಿಂದ ಆಯಿಲ್ ಲೆಕ್ಕವನ್ನು ಹೊಸದಾಗಿ ಶುರು ಮಾಡುವ ಕೆಲಸವೂ ಇರುತ್ತದೆ. ಅದನ್ನು ವರ್ಕ್‌ಶಾಪ್‌ಗೆ ಬಿಡುವುದೇ ಸರಿ.

ಎಷ್ಟು ಸಾವಿರ ಕಿಲೋಮೀಟರಿಗೊಮ್ಮೆ? ಹಲವು ಮ್ಯಾನ್ಯುಯಲ್‌ಗಳು 40,000ದಿಂದ 80,000ದ ನಡುವೆ ಹೇಳುತ್ತವೆ. ಭಾರ ಎಳೆಯುವವರಿಗೆ, ಕೆಸರಿನಲ್ಲಿ ಓಡುವವರಿಗೆ ಇನ್ನೂ ಬೇಗ. "ಜೀವನಪೂರ್ತಿ ಬದಲಿಸಬೇಕಿಲ್ಲ" ಅನ್ನುವ ಮಾತನ್ನು ನಾನು ನಂಬುವುದಿಲ್ಲ, ಯಾರ ಜೀವನ ಅಂತ ಅದರಲ್ಲಿ ಹೇಳಿರುವುದಿಲ್ಲ. ಆಳದ ನೀರು ದಾಟಿ ಬಂದಿದ್ದರೆ ಕಿಲೋಮೀಟರ್ ಲೆಕ್ಕ ಬಿಡಿ. ಮರುದಿನವೇ ಫಿಲ್ಲರ್ ಪ್ಲಗ್ ಬಿಚ್ಚಿ ಕಿರುಬೆರಳು ಹಾಕಿ ಬಣ್ಣ ನೋಡಿ.

ತುಂಬಿದ ಮೇಲೆ ಬ್ರೇಕ್ ಒತ್ತಿ ಹಿಡಿದು ಲಿವರನ್ನು 2ಎಚ್, 4ಎಚ್, ನ್ಯೂಟ್ರಲ್, 4ಎಲ್ ಎಲ್ಲಕ್ಕೂ ಒಮ್ಮೆ ಹಾಕಿ ತೆಗೆಯಿರಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ಅದೇ ಸಮತಟ್ಟಿನಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು ಮಟ್ಟ ನೋಡಿ. ಹಳೇ ಆಯಿಲನ್ನು ಹೊಸದರ ಖಾಲಿ ಡಬ್ಬಕ್ಕೇ ಸುರಿದು ಹಳೇ ಆಯಿಲ್ ತೆಗೆದುಕೊಳ್ಳುವ ಕಡೆ ಕೊಡಿ. ಕೂಲಂಟ್, ಬ್ರೇಕ್ ಆಯಿಲ್ ಅದರ ಜೊತೆ ಬೆರೆಸಬೇಡಿ, ಬೆರೆತದ್ದನ್ನು ಶುದ್ಧ ಮಾಡಿ ಮತ್ತೆ ಬಳಸುವುದು ಕಷ್ಟ. ಚರಂಡಿಗಂತೂ ಬೇಡವೇ ಬೇಡ. ರಾತ್ರಿ ಪ್ಲಗ್ಗಿನ ಕೆಳಗೆ ನೇರಕ್ಕೆ ಒಂದು ಹಳೇ ಪೇಪರ್ ಹಾಸಿ ಮಲಗಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಅದರ ಅಂಚಿನಲ್ಲೇ ದಿನಾಂಕ, ಓಡಿದ ಕಿಲೋಮೀಟರ್, ಎಷ್ಟು ಇಳಿಯಿತು, ಎಷ್ಟು ಹಾಕಿದೆ, ಆಯಸ್ಕಾಂತದ ಮೇಲೆ ಏನಿತ್ತು ಅಂತ ಬರೆದು, ಹರಿದು ಗ್ಲೋವ್ ಬಾಕ್ಸಿನಲ್ಲಿಡಿ. ಮುಂದಿನ ಸಲ ಟ್ರೇ ನೋಡುವಾಗ ಹೋಲಿಸಲು ಬೇಕಾಗುತ್ತದೆ.